ಪಟ್ಟಿಯ ಮೊದಲ ಹೆಸರು

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಮ್ಮ ಚಿಕ್ಕಪ್ಪನ ಮಗ ಹರೀಶನಿಗೇ ಆದದ್ದು. ನೋಯ್ಡಾದಲ್ಲಿ, ಹೋದ ಹುತ್ತರಿಯ ಹಿಂದಿನ ರಾತ್ರಿ.

ಗಂಟೆ ಹನ್ನೊಂದೂವರೆ. ಕೊನೆಯ ಮೆಟ್ರೋ ಇಳಿದ ಹರೀಶ ತಾನಿರುವ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂಬದಿಯ ದಾರಿ ಹಿಡಿದಿದ್ದ. ಅಲ್ಲೊಂದು ಹಾಳುಬಾವಿ. ಅಪಾರ್ಟ್‌ಮೆಂಟುಗಳು ಏಳುವ ಮೊದಲು ಅಲ್ಲಿ ಹಳ್ಳಿ ಇತ್ತಂತೆ. ಹಳ್ಳಿ ಹೋಯಿತು, ಬಾವಿ ಉಳಿಯಿತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆದರೆ ಹರೀಶನಿಗೆ ಬಾವಿಯ ಭಯವೂ ಇರಲಿಲ್ಲ, ದೆವ್ವದ ಭಯವೂ ಇರಲಿಲ್ಲ. ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ… ಎಂಬತ್ತಮೂರು.

ಸಂಗತಿ ಇಷ್ಟು. ಅವನ ಕೆಳಗಿನ ಮನೆಯ ದೇಚಮ್ಮ ಆಂಟಿ ಕೊಡಗಿನವರು. ಅವರ ಕಡೆಯ ಒಂಬತ್ತು ಮನೆಯವರು ಸೇರಿ ತಮ್ಮ ಸುಗ್ಗಿಹಬ್ಬ ಹುತ್ತರಿ ಮಾಡುವುದು ದೆಹಲಿಯ ಕಂಟೋನ್ಮೆಂಟ್ ಒಳಗಿನ ಒಂದು ಸಭಾಂಗಣದಲ್ಲಿ. ಮಿಲಿಟರಿ ಜಾಗ. ಗೇಟಿನ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಸೆಂಟ್ರಿ ಒಳಗೆ ಬಿಡುವುದಿಲ್ಲ. ಹರೀಶ ತುಮಕೂರಿನವನು, ಹುತ್ತರಿ ಅವನ ಹಬ್ಬವಲ್ಲ. ಆದರೆ ಆಫೀಸಿನಲ್ಲಿ ದಿನವಿಡೀ ಅವನು ಮಾಡುವುದೇ ಪಟ್ಟಿಗಳ ಕೆಲಸ, ಅದಕ್ಕೆಂದೇ ಇರುವ ಕಂಪ್ಯೂಟರ್ ಭಾಷೆಯಲ್ಲಿ. ಅದರ ಹಿಂದಿನ ವರ್ಷ, "ಐದು ನಿಮಿಷದ ಕೆಲಸ ಆಂಟಿ, ಕೊಡಿ ಇಲ್ಲಿ" ಎಂದು ತಾನಾಗಿಯೇ ಕೈಹಾಕಿದ್ದ. ಎರಡೆರಡು ಸಲ ಬಂದ ಹೆಸರು ತೆಗೆಯುವ ಫಂಕ್ಷನ್, ಅಂದರೆ ಕಂಪ್ಯೂಟರಿಗೆ ಕೊಡುವ ಸಿದ್ಧ ಆಜ್ಞೆ, ಓಡಿಸಿದ. ಅದು ಒಂದೇ ಹೆಸರಿನ ಬೇರೆ ಬೇರೆ ಜನರನ್ನೂ ಎತ್ತಿ ಬಿಸಾಡಿತು. ಹನ್ನೊಂದು ಜನ ಕೊರೆಯುವ ಚಳಿಯಲ್ಲಿ ಒಂದು ಗಂಟೆ ಗೇಟಿನ ಹೊರಗೆ ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಈ ಸಲ ಒಬ್ಬರೂ ಹೊರಗೆ ನಿಲ್ಲಲ್ಲ ಆಂಟಿ" ಎಂದು ಮಾತು ಕೊಟ್ಟಿದ್ದ.

ಈಗ ನೋಡಿ ಅವನ ಗತಿ. ಒಂಬತ್ತು ಮನೆಗಳಿಂದ ಒಂಬತ್ತು ಪಟ್ಟಿ. ಪ್ರತಿ ಪಟ್ಟಿಯ ಮೊದಲ ಸಾಲು "ಹೆಸರು" ಎಂಬ ತಲೆಬರಹ. ಆ ಸಾಲನ್ನು ಬಿಡಲು ಒಂದು ಫಂಕ್ಷನ್, ಒಂಬತ್ತನ್ನೂ ಒಂದೇ ಉದ್ದ ಪಟ್ಟಿಯಾಗಿ ಹೆಣೆಯಲು ಒಂದು, ಅಕ್ಷರಕ್ರಮಕ್ಕೆ ಒಂದು, ಎಣಿಸಲು ಒಂದು. ಓಡಿಸಿದ… ಎಂಬತ್ತಮೂರು. ಹಿಂದುಮುಂದು ಮಾಡಿ ಓಡಿಸಿದ… ಎಂಬತ್ತಮೂರು. ಫೋನ್ ಮಾಡಿದರೆ ಆಂಟಿ, "ಎಂಬತ್ತನಾಲ್ಕೇ ಕಣೋ, ಸರಿಯಾಗಿ ನೋಡು" ಎಂದರು. ಆಫೀಸ್ ಕೆಲಸ ಮುಗಿಸಿ ಆರಕ್ಕೆ ಕೂತವನು ಹತ್ತೂವರೆಯವರೆಗೂ ಏಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕೀಬೋರ್ಡಿಗೆ ಗುದ್ದಿದ. ಬೆಳಿಗ್ಗೆ ಎಂಟಕ್ಕೆ ಪಟ್ಟಿ ಗೇಟಿಗೆ ತಲುಪಬೇಕು. ಊಟವೂ ಇಲ್ಲ, ಹೆಸರೂ ಇಲ್ಲ.

ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಸದ್ದು.

ಟಕ್… ಸರ್ರ್… ಟಕ್… ಸರ್ರ್…

ಕೋಲು ಊರಿದ ಸದ್ದು, ಬೆನ್ನಿಗೇ ಒಂದು ಬೂಟುಗಾಲು ಎಳೆದ ಸದ್ದು. ಕೋಲಿನ ತುದಿ ಜಾಲರಿಗೆ ತಾಗಿರಬೇಕು. ಠಣ್…

"ಲಿಸ್ಟ್ ನಿಮ್ಮ ಹತ್ರಾನಾ?"

ಪಿಸುದನಿ. ಕನ್ನಡ. ಆಂಟಿ ಕಡೆಯ ಯಾರೋ ಹಿರಿಯರು ಅಂದುಕೊಂಡ ಹರೀಶ, ತಿರುಗಲೂ ಇಲ್ಲ.

"ಹೂಂ ಸರ್. ಒಂದು ಹೆಸರು ಸಿಕ್ತಿಲ್ಲ. ತಲೆ ಕೆಟ್ಟುಹೋಗಿದೆ."

"ಮೊದಲನೇದು…"

"ಏನ್ ಸರ್?"

"ಮೊದಲನೇದು ಬಿಟ್ಟಿದ್ದೀರಿ… ಹೊರಗೆ ಚಳಿ ಬಹಳ."

ಈಗ ತಿರುಗಿ ಮೊಬೈಲಿನ ಬೆಳಕು ಹಿಡಿದ. ಬಾವಿ ಇತ್ತು. ಜಾಲರಿ ಇನ್ನೂ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಜನ ಇರಲಿಲ್ಲ.

ಹೇಗೆ ಮನೆ ಸೇರಿದನೋ ಅವನಿಗೇ ಗೊತ್ತಿಲ್ಲ. ಲ್ಯಾಪ್‌ಟಾಪ್ ತೆರೆದು ಒಂದೊಂದೇ ಪಟ್ಟಿ ನೋಡಿದ. ಎಂಟು ಪಟ್ಟಿಗಳ ಮೊದಲ ಸಾಲು "ಹೆಸರು". ದೇಚಮ್ಮ ಆಂಟಿಯ ಪಟ್ಟಿಗೆ ಮಾತ್ರ ತಲೆಬರಹವೇ ಇಲ್ಲ. ಮೊದಲ ಸಾಲಿನಲ್ಲೇ ಒಬ್ಬ ಮನುಷ್ಯ: ಸುಬೇದಾರ್ ಮೇದಪ್ಪ. ಅವರನ್ನು ತಲೆಬರಹವೆಂದು ಪ್ರತಿ ಸಲವೂ ಕಿತ್ತುಹಾಕಿದ್ದು ಇವನೇ! ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ತನ್ನನ್ನು ತಾನೇ ಬೈದುಕೊಂಡು ಹೆಸರು ಸೇರಿಸಿದ. ಎಂಬತ್ತನಾಲ್ಕು. ಕಳಿಸಿ, ಹೊದ್ದು ಮಲಗಿದ.

ಮರುದಿನ ಸಂಜೆ, ಆಂಟಿ ಕರೆದಿದ್ದ ಹರೀಶನೂ ಸೇರಿ, ಎಲ್ಲರೂ ಸಲೀಸಾಗಿ ಒಳಗೆ ಹೋದರು. ಊಟಕ್ಕೆ ಮೊದಲು ಆಂಟಿ ದೀಪದ ಮುಂದೆ ಒಂದು ಬಾಳೆಲೆ ಹಾಸಿ ತಂಬಿಟ್ಟು, ಗೆಣಸು, ಒಂದು ಗ್ಲಾಸ್ ರಮ್ ಇಟ್ಟರು.

"ಇದು ಯಾರಿಗೆ ಆಂಟಿ?"

"ನಮ್ಮ ಯಜಮಾನ್ರಿಗೆ. ಮೇದಪ್ಪನವರಿಗೆ. ಹೋಗಿ ಆರು ವರ್ಷ ಆಯ್ತು. ಹಬ್ಬದ ದಿನ ಹೋದವರಿಗೇ ಮೊದಲ ಎಲೆ ನಮ್ಮಲ್ಲಿ, ಮೀದಿ ಅಂತೀವಿ. ಪಟ್ಟೀಲೂ ಅವರದ್ದೇ ಮೊದಲ ಹೆಸರು ಬರೀತೀನಿ. ಇಲ್ದಿದ್ರೆ ಗೇಟ್ ದಾಟಲ್ಲ ಅವರು. ಸತ್ತರೂ ಮಿಲಿಟರಿ ಮನುಷ್ಯ ನೋಡು."

ಹರೀಶ ಕೇಳಿದ: "ಅವರ ಕಾಲು…"

"ಎಪ್ಪತ್ತೊಂದರ ಯುದ್ಧದಲ್ಲಿ ಗುಂಡು ತಗುಲಿತ್ತು. ಕೋಲು ಹಿಡ್ಕೊಂಡು, ಎಳ್ಕೊಂಡೇ ನಡೀತಿದ್ರು. ನಿಂಗ್ಯಾರು ಹೇಳಿದ್ರು?"

ಹರೀಶ ಮಾತು ಬದಲಿಸಿ, "ಹೋದ ವರ್ಷ ಆ ಹನ್ನೊಂದು ಜನ ಹೊರಗೆ ನಿಂತಿದ್ದು… ನಂಗಿನ್ನೂ ಬೇಜಾರಿದೆ ಆಂಟಿ" ಎಂದ.

"ಹನ್ನೆರಡು" ಎಂದರು ಆಂಟಿ, ಎಲೆ ಸರಿಮಾಡುತ್ತಾ.

ಇನ್ನೊಂದು ಮಾತಿದೆ, ಇದನ್ನು ನಾನು ಸೇರಿಸಿದ್ದಲ್ಲ. ಸೊಸೈಟಿಯಿಂದ ಅವರು ಹೋದದ್ದು ಹದಿಮೂರು ಸೀಟಿನ ಟೆಂಪೋದಲ್ಲಿ, ಹದಿಮೂರು ಜನ. ವಾಪಸ್ ಬಂದವರೂ ಅದೇ ಹದಿಮೂರು ಜನ. ಹರೀಶ ಬೆರಳು ಮಡಚಿ ಮೂರು ಸಲ ಎಣಿಸಿದ, ಹದಿಮೂರೇ. "ಭಯ್ಯಾ, ಬೈಠ್ ಜಾಯಿಯೇ" ಎಂದು ಡ್ರೈವರ್ ಗೊಣಗಿದ. ಕೂರುವುದೆಲ್ಲಿ? ಅಷ್ಟು ದೂರ, ನೋಯ್ಡಾವರೆಗೂ, ಹರೀಶ ಬೆನ್ನು ಬಗ್ಗಿಸಿ ನಿಂತೇ ಬಂದ. ಸುಳ್ಳು ಅನ್ನಿಸಿದರೆ ಅವನನ್ನೇ ಕೇಳಿ. ಸೀಟು ಖಾಲಿ ಇರಲಿಲ್ಲ.