ಅಣಬೆಗೆ ಇಟ್ಟ ಕ್ಯಾಮರಾ

…ಅದನ್ನೇ ನಾನೂ ಹೇಳುದು ರುಡೊಲ್ಫ್ ಪೊರ್ಬುಗಳೇ, ಸ್ಟುಡಿಯೋ ಇಟ್ಟವರು ಮದುವೆ ಫೋಟೊ ತೆಗೀಬೇಕು. ರಾತ್ರಿ ಕದ್ರಿ ಗುಡ್ಡೆಗೆ ಹೋಗಿ ಅಣಬೆಯ ಫೋಟೊ ಯಾರು ತೆಗೀತಾರೆ? ಕತ್ತಲಲ್ಲಿ ಹೊಳೆಯುವ ಅಣಬೆ ಅಂತೆ. ಕ್ಯಾಮರಾದ ಕಣ್ಣು ರಾತ್ರಿಯಿಡೀ ತೆರೆದಿಟ್ಟು, ಅದಕ್ಕೊಂದು ಕೊಡೆ ಕಟ್ಟಿ, ನೀವು ಮನೆಗೆ ಹೋಗಿ ಮಲಗುದು. ಅದು ನಮ್ಮ ಜಾಗ. ಯಾರನ್ನು ಕೇಳಿದ್ರಿ?

ಮಾವನನ್ನಾ… ಹ್ಞೂಂ. ಸಂಕಪ್ಪ ಮಾವ ಈಗ ಇಲ್ಲ. ಅಳಿಯಕಟ್ಟಿನಲ್ಲಿ ಸೋದರಳಿಯ ನಾನೇ ಯಜಮಾನ. ಇನ್ನು ಈ ಅಣ್ಣು ಶೆಟ್ಟಿಯನ್ನು ಕೇಳಬೇಕು.

ಅಮಾವಾಸ್ಯೆಯ ಮುಂಚಿನ ರಾತ್ರಿ ಗುಡ್ಡೆಯಲ್ಲಿ ತೆಗೆದ ಫೋಟೊದ ಪ್ಲೇಟು ಕೊಡಿ. ಗಾಜಿನದ್ದು.

ಎಂತ ತಲೆ ಆಡಿಸ್ತೀರಿ? ಪೊಲೀಸರಿಗೆ ಕೊಡ್ತೀರಾ? ತುಕ್ರನನ್ನು ಬಿಡಿಸ್ಲಿಕ್ಕಾ? ಮಾರಾಯ್ರೆ, ಆಟಿ ಅಮಾವಾಸ್ಯೆಯ ಕಷಾಯಕ್ಕೆ ಹಾಲೆ ಮರದ ಕೆತ್ತೆ, ಆ ತೊಗಟೆ, ತರುವ ಕೆಲಸ ಅವನದ್ದು. ಮುಂಚಿನ ದಿನ ಮರಕ್ಕೆ ಬಳ್ಳಿ ಕಟ್ಟಿ ಗುರುತು ಮಾಡುದು. ಬೆಳಗಾಗುವ ಮೊದಲು ದೀಪ ಇಲ್ಲದೆ ಹೋಗಿ, ಬಳ್ಳಿ ತಡವಿ ನೋಡಿ, ಕಲ್ಲಿನಲ್ಲಿ ಜಜ್ಜಿ ಕೆತ್ತೆ ತೆಗೆಯುದು. ಪಕ್ಕದಲ್ಲೇ ಕಾಸರ್ಕ ಉಂಟು, ವಿಷದ ಮರ. ಅವ ಅದಕ್ಕೆ ಬಳ್ಳಿ ಕಟ್ಟಿದ. ಕಷಾಯ ಮೊದಲು ಕುಡಿಯುದು ಯಜಮಾನ. ಮಾವ ಕುಡಿದ್ರು, ಸತ್ರು. ಇದರಲ್ಲಿ ನಿಮ್ಮ ಅಣಬೆಗೆ ಎಂತ ಕೆಲಸ?

ಹಾಗೆ ಯಾಕೆ ನೋಡುದು? ನಾನು ಯಾಕೆ ಕುಡಿಯಲಿಲ್ಲ ಅಂತಾ? ನನ್ನ ಸ್ನಾನ ಆಗಿರಲಿಲ್ಲ.

ತನ್ನಿ ಇಲ್ಲಿ… ಇದಾ? ಎರಡು ಮರ. ಹಾಲೆಯಿಂದ ಕಾಸರ್ಕಕ್ಕೆ ಒಂದು ಬೆಳಕಿನ ಗೆರೆ. ಇಷ್ಟಕ್ಕಾ ಗಲಾಟೆ? ಮಿಂಚುಹುಳ ಇರ್ಬೇಕು. ಸರಿ, ಲಾಟೀನು ಅಂತಲೇ ಇಟ್ಟುಕೊಳ್ಳಿ. ತುಕ್ರನದ್ದು.

ಯಾಕೆ ನಗುದು? …ಹೌದು, ದೀಪ ಇಲ್ಲದೆ ಹೋಗುದು ಅಂತ ನಾನೇ ಹೇಳಿದ್ದು. ಹಾಗಾದ್ರೆ ಯಾರೋ ದಾರಿಹೋಕ. ಬಾಯಿಗೆ ಬಂದದ್ದು ಮಾತಾಡಿದ್ರೆ ಈ ಅಂಗಡಿ ಇಲ್ಲಿ ನಡೀಲಿಕ್ಕಿಲ್ಲ, ನೆನಪಿರಲಿ. ಕಟ್ಟಡ ಯಾರದ್ದು ಅಂತ ಗೊತ್ತುಂಟಲ್ಲ?

ಇದರಲ್ಲಿ ಮನುಷ್ಯ ಎಲ್ಲಿದ್ದಾನೆ, ತೋರಿಸಿ ನೋಡುವ. ಬರೀ ಗೆರೆ. ನೀವು ಮಾವನಿಗೆ ಹೇಳುವಾಗ ನಾನೂ ಚಾವಡಿಯಲ್ಲಿದ್ದೆ. ನಡೆಯುವವ ಪ್ಲೇಟಿಗೆ ಸಿಕ್ಕುದಿಲ್ಲ, ನಿಂತವ ಮಾತ್ರ ಸಿಕ್ಕುದು ಅಂತ ಹೇಳಿದ್ರಿ. ಹೇಳಿದ್ರೋ ಇಲ್ವೋ?

ಮತ್ತೆ ಗೆರೆಯ ಎರಡೂ ತುದಿಯಲ್ಲಿ ಬೆಳಕು ಯಾಕೆ ಇಷ್ಟು ದಪ್ಪ? ಲಾಟೀನು ಅಲ್ಲಿ ನಿಂತದ್ದಾ?

…ಆ ಲಕೋಟೆಯಲ್ಲಿ ಎಂತ ಉಂಟು? ಇದನ್ನೇ ದೊಡ್ಡದು ಮಾಡಿದ್ದಾ? ತೆಗೆಯಿರಿ. ಕೈ ಯಾಕೆ ಅಡ್ಡ ಇಡ್ತೀರಿ? ನಾನು ಹೊಡೀಲಿಕ್ಕೆ ಬಂದವ ಅಲ್ಲ.

ಪೊರ್ಬುಗಳೇ, ಮಾತಾಡಿ. ಆ ದೊಡ್ಡ ಫೋಟೊದಲ್ಲಿ ಎಂತ ಕಾಣ್ತದೆ ಅಂತ ಒಂದು ಮಾತು ಹೇಳಿ, ಸಾಕು.

…ಲಾಟೀನು ನೆಲದಲ್ಲಿ ಇಟ್ಟಿದ್ದೆ. ಬಳ್ಳಿ ಬಿಚ್ಚಿ ಆಚೆ ಮರಕ್ಕೆ ಕಟ್ಟುವಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಮುಖ ಬರ್ತದಾ?