ಕತ್ತರಿಸಿ ತೆಗೆದ ತುಂಡು

೨೦೨೨ನೇ ಇಸವಿ, ನವೆಂಬರ್ ಒಂಬತ್ತು, ಬುಧವಾರ. ಆಕಾಶ ಸ್ವಚ್ಛವಾಗಿತ್ತು, ಸಂಜೆಯಿಂದಲೇ ಒಣ ಚಳಿ. ಹಿಂದಿನ ದಿನ ಚಂದ್ರಗ್ರಹಣವಾಗಿತ್ತು.

ಇದು ನನ್ನ ಚಿಕ್ಕಪ್ಪನ ಮಗ ನಿರಂಜನನಿಗೆ ಆದದ್ದು. ಚಂದ್ರಗುತ್ತಿ ಹತ್ತಿರದ ಒಂದು ಹಳ್ಳಿ ಅವನದು. ಸೊರಬದ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದ. ಆ ರಾತ್ರಿ ಕೊನೆಯ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಊರ ಹಳೇ ಬಾವಿ. ಅದಕ್ಕೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ವರ್ಷ ದಾಟಿತ್ತು. ರಾಟೆಯನ್ನೂ ಬಿಚ್ಚಿ ಒಯ್ದಿದ್ದರು.

ಆದರೂ ಕೇಳಿತು... ಕಿರ್ರ್... ಕಿರ್ರ್... ಆಮೇಲೆ, ಆಳದಲ್ಲಿ... ಡುಬುಕ್.

ಜಾಲರಿ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು. ಕೊರೋನಾದಲ್ಲಿ ಮಕ್ಕಳೆಲ್ಲ ಮನೆಯಲ್ಲಿದ್ದಾಗ ನಿರಂಜನ ಸೊರಬದ ಶಾಲೆಯಲ್ಲಿ ಕೂತು ವಿಡಿಯೋದಲ್ಲಿ ಪಾಠ ಮಾಡುತ್ತಿದ್ದ. ಅವನ ನೆರೆಮನೆ ಮೂಕಮ್ಮನ ಮಗಳು ಗಂಗಾಶ್ರೀ ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು. ಆ ಊರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಬಾವಿಕಟ್ಟೆಯ ಮೇಲೆ ಮಾತ್ರ. ಅದು ಅವನಿಗೂ ಗೊತ್ತಿತ್ತು. ಆದರೆ ಅವನದೊಂದು ಹಟ: ಮುಖ ಪೂರ್ತಿ ಕಾಣದಿದ್ದರೆ ಹಾಜರಿ ಇಲ್ಲ.

ಅವತ್ತು ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಏನಮ್ಮ ಗಂಗಾಶ್ರೀ, ನಿನ್ನ ಬೈತಲೆಗೆ ಹಾಜರಿ ಹಾಕ್ಲಾ?"

ಮಕ್ಕಳು ನಕ್ಕವು.

"ಹಿಂದಕ್ಕೆ ಸರಿ."

"ಈಗ ಕಾಣ್ತೀನಾ ಸಾರ್?"

"ಇನ್ನೂ ಸ್ವಲ್ಪ..."

ಅವಳ ಚೌಕ ಕಪ್ಪಾಯಿತು. ನೆಟ್‌ವರ್ಕ್ ಹೋಯಿತು ಅಂದುಕೊಂಡು ಎಲ್ಲರೂ ಪಾಠ ಮುಂದುವರಿಸಿದರು.

ಸಂಜೆ ಬಾವಿಯಿಂದ ಅವಳ ಹೆಣ ಎತ್ತಿದರು. ಮೂಕಮ್ಮ ಕೇಳಿದಾಗ ನಿರಂಜನ, "ಪಾಠದ ನಡುವೆ ಅವಳೇ ಫೋನ್ ಆಫ್ ಮಾಡಿದಳು" ಅಂದುಬಿಟ್ಟ. ಅವತ್ತಿನ ಪಾಠದ ರೆಕಾರ್ಡಿಂಗಿನಿಂದ ಆ ತುಂಡು ಕತ್ತರಿಸಿ, ಉಳಿದ ಪಾಠವನ್ನು ಮಕ್ಕಳ ಗ್ರೂಪಿಗೆ ಹಾಕಿದ. ತುಂಡನ್ನು ಅಳಿಸುವ ಧೈರ್ಯವೂ ಬರಲಿಲ್ಲ. ತನ್ನ ಮೊಬೈಲಿನಲ್ಲೇ ಉಳಿಸಿಕೊಂಡ. ಮಿಕ್ಕದ್ದನ್ನು ಊರು ಕಟ್ಟಿತು. ಯಾವನೋ ಹುಡುಗನ ಜೊತೆ ಮಾತಾಡುತ್ತಿದ್ದಳಂತೆ, ಅದಕ್ಕೇ ಹಾರಿದಳಂತೆ... ಮೂಕಮ್ಮ ಯಾರ ಮನೆಯ ಕಾರ್ಯಕ್ಕೂ ಹೋಗುವುದನ್ನು ನಿಲ್ಲಿಸಿದಳು.

ಶಾಲೆ ತೆರೆದ ಮೇಲೂ ನಿರಂಜನ ಪಾಠದ ವಿಡಿಯೋ ಮಾಡಿ ಮಕ್ಕಳಿಗೆ ಕಳಿಸುವುದನ್ನು ಬಿಡಲಿಲ್ಲ. ಒಂದು ಲೆಕ್ಕ ಕೊಟ್ಟು, ಮಕ್ಕಳು ಬಿಡಿಸಲಿ ಅಂತ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಅವನ ರೂಢಿ. ಆ ಬುಧವಾರ ಕ್ಲಾಸಿನಲ್ಲಿ ಧನ್ಯಾ ಎಂಬ ಹುಡುಗಿ ಕೇಳಿದಳಂತೆ:

"ಸಾರ್, ವಿಡಿಯೋದಲ್ಲಿ ನೀವು ಸುಮ್ನಿರೋವಾಗ ಹಿಂದೆ ಒಬ್ಳು ಮಾತಾಡ್ತಾಳಲ್ಲ... ನಿಮ್ಮ ಮಗಳಾ?"

"ಏನಂತಾಳೆ?"

"ಕಾಣ್ತೀನಾ ಅಂತಾಳೆ ಸಾರ್."

ಆ ರಾತ್ರಿ ರಾಟೆಯ ಸದ್ದು ಕೇಳಿ ಬಾವಿಯ ಪಕ್ಕ ನಿಂತಾಗ, ಜೇಬಿನೊಳಗೆ ಮೊಬೈಲು ತಾನಾಗಿ ಹೊತ್ತಿಕೊಂಡಿತು. ಅವನದೇ ದನಿ... "ಇನ್ನೂ ಸ್ವಲ್ಪ..."

ಆಮೇಲೆ ಜಾಲರಿ ನಡುಗಿದ ಸದ್ದು. ಝಣ್... ಅದರ ಕೆಳಗಿನಿಂದ, ಒದ್ದೆ ಗಂಟಲಲ್ಲಿ:

"ಈಗ ಕಾಣ್ತೀನಾ ಸಾರ್?"

ಅವನು ತಿರುಗಿ ನೋಡಲಿಲ್ಲ. ತನ್ನ ಮನೆಗೂ ಹೋಗಲಿಲ್ಲ. ಮೂಕಮ್ಮನ ಬಾಗಿಲು ತಟ್ಟಿದ.

"ಏನ್ ಮೇಷ್ಟ್ರೇ... ಈ ಹೊತ್ತಲ್ಲಿ?"

ಅವನು ಆ ತುಂಡು ಹಾಕಿ ಮೊಬೈಲು ಅವಳ ಕೈಗೆ ಕೊಟ್ಟ. ಅವಳು ನೋಡಿದಳು.

"ಮತ್ತೆ ಹಾಕಿ."

ಹಾಕಿದ.

"ಹಾರಿದ್ದಲ್ಲ..." ಅಂದಳು, ತನಗೇ ಹೇಳಿಕೊಂಡಂತೆ, ಮೆಲ್ಲಗೆ. ಬಹಳ ಹೊತ್ತು ಆ ಕಪ್ಪು ಚೌಕವನ್ನೇ ನೋಡಿದಳು. ಆಮೇಲೆ ತಲೆ ಎತ್ತಿದಳು. "ಇದನ್ನ ಜೇಬಲ್ಲಿ ಇಟ್ಕಂಡು ದಿನಾ ನಮ್ಮನೆ ಮುಂದೇ ಓಡಾಡಿದ್ರಿ."

ಅಷ್ಟೇ. ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು... ಟಕ್.

ಮರುದಿನ ಅವನು ಅದನ್ನು ಊರೆಲ್ಲರ ಮುಂದೆ ತೋರಿಸಿದ. ಕೆಲಸ ಹೋಯಿತು. ಬಾವಿಯೂ ಸುಮ್ಮನಾಯಿತು. ತೆರಬೇಕಾದದ್ದನ್ನು ತೆತ್ತಾಯಿತು ಅಂತ ನಾವೆಲ್ಲ ಅಂದುಕೊಂಡೆವು.

ಈ ಬೇಸಿಗೆಯಲ್ಲಿ ಅವನ ಮಗಳು ಅರ್ಚಿತಾಳ ಮದುವೆ, ಇಲ್ಲೇ ಶಿಕಾರಿಪುರದಲ್ಲಿ. ಧಾರೆ ಎರೆದವನು ನಿರಂಜನನೇ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನ ತಂಬಿಗೆಯಿಂದ ನಾಲ್ಕು ಹನಿ ನನ್ನ ಪಂಚೆಯ ಮೇಲೂ ಬಿದ್ದವು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ವಿಡಿಯೋ ನಮ್ಮ ಮನೆಯಲ್ಲಿದೆ.

ಮೊದಲ ಸಲ ಅದನ್ನು ಎಲ್ಲರೂ ಕೂತು ನೋಡಿದೆವು. ಹುಡುಗ ಇದ್ದಾನೆ, ಅರ್ಚಿತಾ ಇದ್ದಾಳೆ, ನಾನಿದ್ದೇನೆ. ತಂಬಿಗೆ ಗಾಳಿಯಲ್ಲಿ ಮೆಲ್ಲಗೆ ಬಾಗುತ್ತದೆ. ನೀರು ಸಣ್ಣಗೆ ಬೀಳುತ್ತದೆ...

"ಅಪ್ಪ ಎಲ್ಲಿ?" ಅಂದಳು ಅರ್ಚಿತಾ.

ನಿರಂಜನ ಹಿಂದಿನ ಕುರ್ಚಿಯಲ್ಲಿದ್ದ. "ಆ ರಾತ್ರಿಯಿಂದ ನಾನು ಯಾವ ವಿಡಿಯೋದಲ್ಲೂ ಕಾಣ್ತಿಲ್ಲ, ಮಗಾ" ಅಂದ.