ಆಕ್ಸಿಜನ್ ಪಾದ್ರಿಯ ಪುಸ್ತಕ

ಡ್ಯೂಟಿ ಮುಗಿಸಿ ಸಿಡ್ನಿಯ ಬಸ್ ಹತ್ತಿದ್ದ ನರ್ಸ್ ರಾಜೀವಿಗೆ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಕಾಲೇಜು ಹುಡುಗಿಯೊಬ್ಬಳು ತಂದೆಗೆ ಹೇಳುತ್ತಿದ್ದಳು.

“ಅಪ್ಪಾ, ನೀವು ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ್ರಲ್ಲ, ಆಕ್ಸಿಜನ್ ಕಂಡುಹಿಡಿದೋರು, ಅವರು ಪಾದ್ರಿ ಆಗಿದ್ರಂತೆ.”

“ಪಾದ್ರಿನಾ? ಯಾವ ಟೆಕ್ಸ್ಟ್‌ಬುಕ್ಕಿನಾಗೂ ಅದಿರಲಿಲ್ಲವ್ವ.”

“ಇನ್ನೂರು ವರ್ಷದ ಹಿಂದೇನೇ, ಸರ್ಕಾರಿ ಚರ್ಚನ್ನ ಒಪ್ಪದೋರಿಗೂ ಸಮಾನ ಹಕ್ಕು ಕೊಡಿ ಅಂತ ಬರೆದ್ರು. ಅದಕ್ಕೆ ಸಿಟ್ಟಾದ ಜನ ಅವರ ಮನೆ, ಲ್ಯಾಬ್ ಎರಡನ್ನೂ ಸುಟ್ಟುಹಾಕಿದ್ರು.”

“ಆಮ್ಯಾಲೆ ಬರೆಯೋದು ಬಿಟ್ರೇನು?”

“ಇಲ್ಲಪ್ಪ, ಇನ್ನೂ ಬರೆದ್ರು. ಆ ಕಾಲದಲ್ಲೇ ಪ್ರಿಂಟಾದ ಅವರ ಪುಸ್ತಕ ಇವತ್ತು ಕಾಲೇಜು ಲೈಬ್ರರಿಯಲ್ಲಿ ನನ್ನ ಕೈಯಲ್ಲೇ ಇತ್ತು. ಅಪ್ಪಾ, ನಾನು ಫಾರ್ಮಸಿ ಕೋರ್ಸ್ ಬಿಟ್ಟು ಹಿಸ್ಟರಿ ಓದ್ತೀನಿ.”

ರಾಜೀವಿ ಮುಂದಕ್ಕೆ ಬಾಗಿ ಕಿವಿಗೊಟ್ಟಳು. ತಂದೆ ಎದ್ದು, ಬಸ್ ನಿಲ್ಲಿಸಲು ಬೆಲ್ ಒತ್ತಿದರು.

“ಮನೆ ಇನ್ನೂ ದೂರ ಇದೆ ಅಪ್ಪಾ.”

“ಲೈಬ್ರರಿ ಎಷ್ಟೊತ್ತಿಗೆ ಮುಚ್ತೈತಿ? ಆ ಪುಸ್ತಕ ನನಗೂ ತೋರಿಸು, ನಡಿ.”

ಇಳಿದವರೇ ಇಬ್ಬರೂ ರಸ್ತೆ ದಾಟಿ, ವಾಪಸ್ ಹೋಗುವ ಬಸ್ಸಿಗಾಗಿ ಎದುರಿನ ಸ್ಟಾಪಿನ ಕಡೆ ಓಡಿದರು.